ಕುರ್ಚಿಗೆ ಹೊದಿಸಿದ ಶಾಲು

ನಮ್ಮ ಮನೆಯಲ್ಲಿ ಇಸ್ತ್ರಿ ಮಾಡುವ ಮೇಜಿನ ಮೇಲೆ ಒಂದು ಶಾಲು ಹಾಸಿದೆ. ಸನ್ಮಾನದ ಶಾಲು. ನೀವು ಯಾವುದಾದರೂ ಸಭೆಯ ಮುಂದಿನ ಸಾಲಿನಲ್ಲಿ ಒಮ್ಮೆಯಾದರೂ ಕೂತಿದ್ದರೆ ಅದರ ವರ್ಣನೆ ಬೇಕಾಗಿಲ್ಲ. ಕುತ್ತಿಗೆಗೆ ಚುಚ್ಚುವ ಜರಿಯಂಚು, ಚಳಿಗೆ ಸಾಲದಷ್ಟು ತೆಳು, ಸೆಕೆಗೆ ತಡೆಯಲಾಗದಷ್ಟು ದಪ್ಪ. ಹೊದ್ದುಕೊಂಡು ಹಾಲು ತರಲು ಹೋಗುವಂತಿಲ್ಲ, ಎಸೆಯಲು ಮನಸ್ಸಾಗುವುದಿಲ್ಲ. ಟೀವಿಯ ಮೇಲೆ, ಹೊಲಿಗೆ ಯಂತ್ರದ ಮೇಲೆ ಕೆಲವು ವರ್ಷ ಕಳೆದು ಕೊನೆಗೆ ಇಂಥ ಶಾಲುಗಳು ಇಸ್ತ್ರಿಪೆಟ್ಟಿಗೆಯ ಕೆಳಗೆ ಬರುತ್ತವೆ.

ಮೊನ್ನೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಕರೆಂಟು ಹೋಯಿತು. ಬರುವವರೆಗೆ ಸುಮ್ಮನೆ ನಿಂತು ಮೇಜು ನೋಡುತ್ತಿದ್ದವನಿಗೆ ಥಟ್ಟನೆ ಹೊಳೆದು, "ಇದು ವಿಮಲಮ್ಮನ ಶಾಲು ಅಲ್ವೇನೇ?" ಎಂದು ಕೇಳಿದೆ.

"ಅಲ್ಲ. ಅದು ನಿಮ್ಮ ರಿಟೈರ್‌ಮೆಂಟ್‌ದು," ಎಂದಳು ಹೆಂಡತಿ ಶಾರದೆ ಅಡಿಗೆಮನೆಯಿಂದಲೇ. "ವಿಮಲಮ್ಮಂದಕ್ಕೆ ಹಸಿರಂಚು."

ನನ್ನ ನೆನಪಿನಲ್ಲಿ ಅದಕ್ಕೆ ಕೆಂಪಂಚು. ಆದರೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಆಯುಷ್ಯ ಕಳೆದವನು ನಾನು. ಎಲ್ಲ ಸಾಮಾನೂ ಅದರದರ ಖಾನೆಯಲ್ಲಿ ಅಚ್ಚುಕಟ್ಟಾಗಿ ಕೂತಿದ್ದರೆ ಆಡಿಟ್‌ನವರು ಬರುತ್ತಿದ್ದಾರೆ ಎಂದು ಅರ್ಥ. ನೆನಪೂ ಹಾಗೆಯೇ. ಬೇಕಾದಾಗ ಬೇಕಾದ ಬಣ್ಣದಲ್ಲಿ ಬಂದು ನಿಂತರೆ, ಯಾರಿಗೋ ತೋರಿಸುವುದಕ್ಕೆ ನಾನೇ ಜೋಡಿಸಿಟ್ಟದ್ದಿರಬೇಕು ಎಂದು ಅನುಮಾನ. ಹಾಗಾಗಿ ಮುಂದೆ ಹೇಳುವುದರಲ್ಲಿ ಅಂಚಿನ ಬಣ್ಣವನ್ನು ನೀವು ನಂಬಬೇಕಾಗಿಲ್ಲ. ನಾಚಿಕೆಯನ್ನು ಮಾತ್ರ ನಂಬಿ. ಅದು ಬಣ್ಣ ಬಿಟ್ಟಿಲ್ಲ.

ಮೆಚ್ಚುವುದು ನಮ್ಮ ವಂಶದ ಚಾಳಿ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದರು, ನಾವು ಅದರ ಕ್ವಾರ್ಟರ್ಸಿನಲ್ಲಿ ಬೆಳೆದವರು. ಬೆಳಿಗ್ಗೆ ಅಪ್ಪ ಬಾಗಿಲ ಹೊಸ್ತಿಲಿಗೆ ಅಡ್ಡಲಾಗಿ ಕಾಲು ಚಾಚಿಕೊಂಡು ಪತ್ರಿಕೆ ಓದುತ್ತಿದ್ದರು. ಎಲ್ಲೋ ಒಬ್ಬಾತ ಒಂಟಿಯಾಗಿ ಊರಿಗೆ ಬಾವಿ ತೋಡಿದ, ಇನ್ನೆಲ್ಲೋ ಒಬ್ಬಾಕೆ ಬೀದಿಯ ಮಕ್ಕಳನ್ನೆಲ್ಲ ಮನೆಯಲ್ಲಿಟ್ಟುಕೊಂಡು ಓದಿಸಿದಳು ಎಂಬಂಥ ಸುದ್ದಿ ಸಿಕ್ಕರೆ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನೋಡ್ರೋ, ಇವರು ಮನುಷ್ಯರು!" ಎನ್ನುತ್ತಿದ್ದರು. ಬೀದಿ ನಲ್ಲಿಯಿಂದ ಎರಡು ಕೈಗೂ ಕೊಡ ಹಿಡಿದು ಬಂದ ಅಮ್ಮ ಬಾಗಿಲಲ್ಲಿ ನಿಂತು, "ಸ್ವಲ್ಪ ಕಾಲು ಮಡಚ್ಕೊಳ್ರೀ" ಎನ್ನುತ್ತಿದ್ದಳು. ಅಪ್ಪ ಸುದ್ದಿ ಮುಗಿಸಿಯೇ ಕಾಲು ಮಡಚುತ್ತಿದ್ದುದು. ಸುದ್ದಿ ಉದ್ದವಿದ್ದ ದಿನ ಅಮ್ಮನ ಸೀರೆಯ ನೆರಿಗೆ ತೊಟ್ಟಿಕ್ಕುತ್ತಿತ್ತು.

ಕ್ವಾರ್ಟರ್ಸಿನ ಮೈದಾನಕ್ಕೆ ಒಮ್ಮೆ ಸೈಕಲ್ಲಿನಿಂದ ಇಳಿಯದೆ ದಿನಗಟ್ಟಲೆ ತುಳಿಯುವ ಒಬ್ಬ ಬಂದಿದ್ದ. ಬಣ್ಣದ ಕಾಗದದ ತೋರಣ, ಮೈಕಿನಲ್ಲಿ ಹಾಡು. ಅವನು ಸೈಕಲ್ಲಿನ ಮೇಲೆಯೇ ಹಲ್ಲುಜ್ಜುತ್ತಿದ್ದ, ಸೈಕಲ್ಲಿನ ಮೇಲೆಯೇ ಉಪ್ಪಿಟ್ಟು ತಿನ್ನುತ್ತಿದ್ದ, ತಲೆಯ ಮೇಲೆ ಬಿಂದಿಗೆ ಸುರಿದುಕೊಂಡು ಸ್ನಾನವನ್ನೂ ಮುಗಿಸುತ್ತಿದ್ದ. ನಾನು ಶಾಲೆ ಬಿಟ್ಟೊಡನೆ ಹಗ್ಗದ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ಅವನು ಸುತ್ತು ಹಾಕುತ್ತ ನನ್ನ ಹತ್ತಿರ ಬಂದಾಗ, "ಏ ಮರಿ, ಬೆನ್ನು ಕೆರೀತೈತೆ. ಜೊತೆಲೇ ಓಡ್ಬಂದು ಒಂಚೂರು ಕೆರಿಯೋ," ಎಂದ. ನಾನು ಏನು ಮಾಡಿದೆ ಗೊತ್ತೇ? ಚಪ್ಪಾಳೆ ತಟ್ಟಿದೆ. ಅವನು ನನ್ನೊಡನೆ ಮಾತಾಡಿದ್ದೇ ಸಾಕಾಗಿ, ಇನ್ನೂ ಜೋರಾಗಿ ತಟ್ಟಿದೆ. ಅವನು ಮುಂದಿನ ಸುತ್ತಿಗೆ ಹೋದ. ನನ್ನ ಅಣ್ಣ, ಇದು ನಡೆದದ್ದು ತನಗೆ, ನಾನು ಆಗ ಜ್ವರದಿಂದ ಮಲಗಿದ್ದೆ ಎನ್ನುತ್ತಾನೆ. ಇರಬಹುದು. ಚಪ್ಪಾಳೆ ಮಾತ್ರ ನನ್ನದೇ ಎನ್ನುವುದಕ್ಕೆ ಮುಂದೆ ಹೇಳುವುದು ಸಾಕ್ಷಿ.

ದೊಡ್ಡವನಾದ ಮೇಲೆ ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ ಕಾರ್ಯದರ್ಶಿಯಾದೆ. ನವೆಂಬರಿನಲ್ಲಿ ಧ್ವಜ, ಆರ್ಕೆಸ್ಟ್ರಾ, ಮತ್ತು ಸಾಧಕರಿಗೆ ಸನ್ಮಾನ. ಸನ್ಮಾನಕ್ಕೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಮತ್ತು ಗಾಜು ಹಾಕಿಸಿದ ಸನ್ಮಾನ ಪತ್ರ. ಪತ್ರ ಬರೆಯುವುದು ನನ್ನ ಪಾಲು. ಅದರಲ್ಲಿ ನನಗೆ ಹೆಸರಿತ್ತು ಎಂದು ಹೇಳಿಕೊಳ್ಳಲು ಇಂದು ಮುಜುಗರ. "ತಾವು ಉರಿದು ಜಗಕ್ಕೆ ಬೆಳಕಾದವರೇ" ಎಂದು ಶುರು ಮಾಡಿದರೆ ಎರಡನೇ ಸಾಲಿಗೇ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳಬೇಕು, ಹಾಗೆ. ರಕ್ತದಾನ ಮಾಡುವವರು, ಅನಾಥ ಹೆಣಗಳಿಗೆ ಮಣ್ಣು ಕೊಡುವವರು, ಕೆಲಸ ಬಿಟ್ಟು ಬಂದು ಬುದ್ಧಿಮಾಂದ್ಯ ಮಕ್ಕಳಿಗೆ ಶಾಲೆ ನಡೆಸುವವರು, ಎಲ್ಲರನ್ನೂ ನಾನು ಮೆಚ್ಚಿದ್ದೇನೆ. ರಕ್ತ ಮಾತ್ರ ಈವರೆಗೆ ಕೊಟ್ಟಿಲ್ಲ. ಸೂಜಿ ಎಂದರೆ ತಲೆಸುತ್ತು.

ಮೆಟ್ರೋ ನಮ್ಮ ಕಡೆಗೆ ಬಂದ ವರ್ಷ ಸಾಧಕರ ಬರ ಬಿತ್ತು. ಕಮಿಟಿಯ ಸಭೆಯಲ್ಲಿ ಅಧ್ಯಕ್ಷ ನಂಜುಂಡಯ್ಯನವರು ಮೇಜು ಗುದ್ದಿದರು.

"ಏನ್ರೀ, ಸಾಧಕರು ಅಂದ್ರೆ ಪೇಪರ್‌ನಲ್ಲಿ ಬಂದೋರೇ ಆಗ್ಬೇಕಾ? ನಮ್ ಥರ್ಡ್ ಕ್ರಾಸ್ ವಿಮಲಮ್ಮ ಇಲ್ವಾ? ಅತ್ತೇನ ಎಷ್ಟು ವರ್ಷದಿಂದ ಮಗು ಥರ ನೋಡ್ಕೋತಿದಾರೆ!"

ಹೌದಲ್ಲ ಎನ್ನಿಸಿತು ಎಲ್ಲರಿಗೂ. ವಿಮಲಮ್ಮನ ಅತ್ತೆ ಗೌರಜ್ಜಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಗಂಡ ಲಾರಿ ಓಡಿಸುವವರು. ಕಾರ್ಖಾನೆಗಳ ಸರಕು ಹೇರಿಕೊಂಡು ಹೋದರೆ ನಾಲ್ಕೈದು ದಿನ ಪತ್ತೆಯಿಲ್ಲ, ಬಂದ ದಿನವೆಲ್ಲ ನಿದ್ದೆ. ಮಗಳು ತುಮಕೂರಿನ ಹಾಸ್ಟೆಲಿನಲ್ಲಿ. ಉಳಿದವರು ಇವರಿಬ್ಬರೇ. ವಿಮಲಮ್ಮ ಮದುವೆಮನೆಗೆ ಬಂದರೆ ತಾಳಿ ಕಟ್ಟುವುದರೊಳಗೆ ಅಕ್ಷತೆಯನ್ನು ಪಕ್ಕದವರ ಕೈಗೆ ಕೊಟ್ಟು ಹೊರಡುತ್ತಿದ್ದರು. ನಾವೆಲ್ಲ ಅವರು ಹೋದ ದಿಕ್ಕನ್ನು ನೋಡಿ, "ಇಂಥ ಸೊಸೆ ಪಡೀಬೇಕು ಅಂದ್ರೆ ಪುಣ್ಯ ಮಾಡಿರ್ಬೇಕು" ಎಂದು ಹೇಳಿ ಊಟಕ್ಕೆ ಕೂರುತ್ತಿದ್ದೆವು.

ಆಹ್ವಾನ ಕೊಡಲು ನಂಜುಂಡಯ್ಯ, ನಾನು, ಶಾರದೆ ಹೋದೆವು. ಮೂರನೇ ಕ್ರಾಸಿನ ಕೊನೆಯ ಮನೆಯ ಮಹಡಿ, ತುಮಕೂರು ರಸ್ತೆಯ ಕಡೆಗೆ ಬಾಲ್ಕನಿ. ಅಜ್ಜಿಯ ಮಂಚದಿಂದ ನೇರಕ್ಕೆ ಮೆಟ್ರೋ ಸೇತುವೆ ಕಾಣುತ್ತದೆ. ಆ ಕಂಬಗಳ ಪಾಯ ತೋಡಿದ್ದು, ಕಬ್ಬಿಣ ಕಟ್ಟಿದ್ದು, ಕ್ರೇನಿನಲ್ಲಿ ತೊಲೆ ಏರಿಸಿದ್ದು, ಎಲ್ಲವನ್ನೂ ವಿಮಲಮ್ಮ ಅಜ್ಜಿಗೆ ಗಂಜಿ ಕುಡಿಸುತ್ತ ನೋಡಿದ್ದರು. ರೈಲು ಶುರುವಾದ ಮೊದಲ ಭಾನುವಾರ ನಮ್ಮ ಬೀದಿಗೆ ಬೀದಿಯೇ ಚಿತ್ರಾನ್ನ ಕಟ್ಟಿಕೊಂಡು ಪಿಕ್ನಿಕ್ಕಿಗೆ ಹೋದಂತೆ ಹೋಗಿ, ಸಂಪಿಗೆ ರಸ್ತೆವರೆಗೂ ಕೂತು ಬಂದಿತ್ತು. ಅವರೊಬ್ಬರನ್ನು ಬಿಟ್ಟು.

ಅವರು ಅಜ್ಜಿಯ ಸೊಂಟದ ಕೆಳಗೆ ಕೈ ಹಾಕಿ ಮಗ್ಗುಲು ಬದಲಿಸುತ್ತಲೇ ನಮ್ಮ ಮಾತು ಕೇಳಿದರು. ಆಮೇಲೆ ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡು, "ಶಾಲು ಹಾರ ಎಲ್ಲಾ ನನಗ್ಯಾಕೆ ಸಾರ್?" ಎಂದರು. "ಒಂದಿನ ಯಾರಾದ್ರೂ ಎರಡು ಗಂಟೆ ಅತ್ತೆ ಹತ್ರ ಕೂತ್ಕೊಂಡ್ರೆ ಸಾಕು. ಈ ರೈಲಲ್ಲಿ ಆ ಕೊನೇವರೆಗೂ ಹೋಗಿ ವಾಪಸ್ ಬಂದ್ಬಿಡ್ತೀನಿ. ದಿನಾ ನೋಡಿ ನೋಡಿ ಆಸೆ."

ನಂಜುಂಡಯ್ಯನವರ ಕಣ್ಣು ತುಂಬಿತು. "ನೋಡಿದ್ರಾ? ಏನ್ ಸರಳತೆ! ಏನ್ ಸರಳತೆ!"

"ಏನಂತವ್ರೆ ವಿಮ್ಲ?" ಎಂದು ಅಜ್ಜಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು. ಲಕ್ವದಿಂದ ಮಾತು ಎಳೆಯುತ್ತಿತ್ತು.

"ನನಗೆ ಶಾಲು ಹೊದಿಸ್ತಾರಂತೆ ಅತ್ತೆ."

"ಚಳಿ ಐತಾ ಈಗ?"

ಮನೆಗೆ ಬಂದು ನಾನು ಪತ್ರ ಬರೆದೆ. "ಆಸೆಗಳನ್ನು ತೊರೆದು ಸೇವೆಯನ್ನೇ ಉಸಿರಾಗಿಸಿಕೊಂಡ ತಾಯೇ" ಎಂಬುದು ಮೊದಲ ಸಾಲು. ಆಸೆ ಎಂಬ ಪದವನ್ನು ಅವರ ಬಾಯಿಂದಲೇ ಕೇಳಿ ಬಂದಿದ್ದೆನೆಂದು ಆಗ ಹೊಳೆಯಲಿಲ್ಲ. ಸರಳತೆಯ ಬಗ್ಗೆ ಪೂರಾ ಒಂದು ಪ್ಯಾರಾ ಬರೆದೆ. ಚೆನ್ನಾಗಿಯೇ ಬಂದಿತ್ತು, ಹಾಳಾದ್ದು.

ಸನ್ಮಾನದ ಸಂಜೆ ನಮ್ಮ ಪಾರ್ಕಿನ ಶಾಮಿಯಾನ ತುಂಬಿ ತುಳುಕಿತು. ನಮ್ಮ ಬೀದಿಯ ಹೆಂಗಸೊಬ್ಬಳಿಗೆ ಸನ್ಮಾನ ಎಂದರೆ ಬೀದಿಯ ಹೆಂಗಸರೆಲ್ಲ ಬರದಿರುತ್ತಾರೆಯೇ? ಮೊದಲನೇ ಕ್ರಾಸಿನಿಂದ ಐದನೇ ಕ್ರಾಸಿನವರೆಗೆ ಮನೆಗಳಿಗೆ ಬೀಗ. ವೇದಿಕೆಯ ಮೇಲೆ ವಿಮಲಮ್ಮನ ಕುರ್ಚಿ ಮಾತ್ರ ಖಾಲಿ. ನಾಡಗೀತೆ ಆಯಿತು, ಸ್ವಾಗತ ಆಯಿತು. ನಂಜುಂಡಯ್ಯ ಮೈಕಿಗೆ ಬಂದು, "ವಿಮಲಮ್ಮನವರು ಎಲ್ಲಿದ್ದರೂ ವೇದಿಕೆಗೆ ಬರಬೇಕು" ಎಂದು ಕೂಗಿದರು. ಎಲ್ಲಿರುತ್ತಾರೆ? ಅಜ್ಜಿಯ ಹತ್ತಿರ ಇದ್ದರು. ಅಜ್ಜಿಯ ಹತ್ತಿರ ಕೂರಬಹುದಾಗಿದ್ದವರೆಲ್ಲ, ಅಜ್ಜಿಯ ಹತ್ತಿರ ಕೂರುವ ಸೊಸೆಯನ್ನು ನೋಡಲು ಶಾಮಿಯಾನದಲ್ಲಿ ಕೂತಿದ್ದರು. ಇದು ನಮ್ಮಲ್ಲಿ ಒಬ್ಬರಿಗಾದರೂ ಮೊದಲೇ ತೋಚಬೇಕಿತ್ತು. ತೋಚಲಿಲ್ಲ.

ಆಗಲೂ ಒಬ್ಬರು ಎದ್ದು ಹೋಗಿದ್ದರೆ ಆಗುತ್ತಿತ್ತು. ಎಲ್ಲರೂ ಪಕ್ಕದವರ ಮುಖ ನೋಡಿದರು. ಆರ್ಕೆಸ್ಟ್ರಾದವನು ಬೇರೆ ತಡವಾಗುತ್ತದೆಂದು ಗೊಣಗುತ್ತಿದ್ದ. ಕೊನೆಗೆ ನಂಜುಂಡಯ್ಯ ಶಾಲನ್ನು ಬಿಡಿಸಿ ಖಾಲಿ ಕುರ್ಚಿಯ ಬೆನ್ನಿಗೆ ಹೊದಿಸಿದರು. ಹಾರ ಹಾಕಿದರು. ಪೇಟವನ್ನು ಕುರ್ಚಿಯ ತಲೆಗಿಟ್ಟರೆ ಅದು ಜಾರಿತು. ಹಿಡಿದುಕೊಳ್ಳಲು ಒಬ್ಬರನ್ನು ನಿಲ್ಲಿಸಿದರು. ನಾನು ಆ ಕುರ್ಚಿಯನ್ನು ನೋಡಿ, "ತಾಯೇ" ಎಂದು ಶುರು ಮಾಡಿ, ಕೊನೆಯ ಅಕ್ಷರದವರೆಗೂ ಓದಿದೆ. ಎರಡನೇ ಸಾಲಿಗೇ ಸೆರಗುಗಳು ಕಣ್ಣಿಗೆ ಹೋದವು. ಚಪ್ಪಾಳೆ ನಿಲ್ಲಲೊಲ್ಲದು. ಅವರ ಮನೆ ಪಾರ್ಕಿಗೆ ದೂರವಿಲ್ಲ, ಮೈಕು ಜೋರಾಗಿತ್ತು. ಅಜ್ಜಿಯ ಮಗ್ಗುಲು ಬದಲಿಸುತ್ತ ಅವರು ಪೂರ್ತಿ ಕೇಳಿಸಿಕೊಂಡಿರಬೇಕು.

"ಕುರ್ಚಿಗೆ ಸನ್ಮಾನ ಮಾಡಿ ಬಂದ್ರಲ್ಲ," ಎಂದಳು ಶಾರದೆ ಮನೆಗೆ ಬರುವ ದಾರಿಯಲ್ಲಿ.

"ನೀನು ಎದ್ದು ಹೋಗಬಹುದಿತ್ತು."

"ಹೋಗಬಹುದಿತ್ತು ಕಣ್ರೀ. ನಾನೂ ಅಳ್ತಾ ಕೂತಿದ್ದೆ."

ಮರುದಿನ ಶಾಲು, ಬುಟ್ಟಿ, ಪತ್ರ ಹಿಡಿದು ಹೋದಾಗ ಶಾರದೆಯೇ ಮಾತು ತೆಗೆದಳು. ಬರುವ ಭಾನುವಾರ ಬೆಳಿಗ್ಗೆ ತಾನು ಬಂದು ಕೂರುವುದಾಗಿ, ವಿಮಲಮ್ಮ ರೈಲಿನಲ್ಲಿ ಹೋಗಿ ಬರಬೇಕೆಂದು ಹೇಳಿದಳು. ವಿಮಲಮ್ಮ ಮೊದಲು ನಂಬಲಿಲ್ಲ. "ನಿಜವಾಗ್ಲೂನಾ ಶಾರದಕ್ಕ? ಅತ್ತೆಗೆ ಬಟ್ಟೆ ಬದಲಾಯಿಸ್ಬೇಕಾಗುತ್ತೆ."

"ನಮ್ಮತ್ತೆಗೆ ಮಾಡಿಲ್ವಾ ನಾನು? ಹೋಗ್ಬನ್ನಿ."

ಶಾಲಿಗೆ ಕೈ ಮುಗಿದು ಪಕ್ಕಕ್ಕಿಟ್ಟಿದ್ದ ವಿಮಲಮ್ಮ, ಈ ಮಾತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕರು. ಅವರ ನಗುವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಗುವುದನ್ನು ಪತ್ರದಲ್ಲಿ ಸೇರಿಸಬೇಕಾಗಿತ್ತು ಎಂದು ನನಗೆ ಅನ್ನಿಸಿತಲ್ಲ, ಎಂಥ ರೋಗ ನೋಡಿ.

ಮೆಟ್ಟಿಲಿಳಿಯುವಾಗ ಶಾರದೆ ಹೇಳಿದಳು: "ಇದನ್ನ ಯಾರ ಹತ್ರಾನೂ ಹೇಳ್ಕೊಂಡು ತಿರುಗ್ಬೇಡಿ."

ನಾನು ತಿರುಗಲಿಲ್ಲ. ನಂಜುಂಡಯ್ಯ ಒಬ್ಬರಿಗೆ ಹೇಳಿದೆ. ಆ ತಾಯಿಯ ಆಸೆ ಈಡೇರುತ್ತಿದೆಯಲ್ಲ, ಎಂಥ ದಿನ, ಎಂಬ ಉಬ್ಬು. "ರೈಲು ಅವರ ಮನೆ ಮುಂದೇನೇ ಹೋಗುತ್ತೆ," ಎಂದೂ ಸೇರಿಸಿದೆ. "ಬಾಲ್ಕನಿಯಿಂದ ನಾನು ಕೈ ಬೀಸಬೇಕು ಅಂತಿದೀನಿ."

"ನೀವೊಬ್ರೇ ಯಾಕ್ರೀ?" ಎಂದರು ನಂಜುಂಡಯ್ಯ.

ಭಾನುವಾರ ವಿಮಲಮ್ಮ ಹೊಸದಲ್ಲದಿದ್ದರೂ ಮಡಿಕೆ ಮುರಿಯದ ನೀಲಿ ಸೀರೆ ಉಟ್ಟು, ಅಜ್ಜಿಗೆ ಮೂರು ಸಲ ಹೇಳಿ, ಶಾರದೆಗೆ ನಾಲ್ಕು ಸಲ ಹೇಳಿ ಹೊರಟರು. ಅವರು ಬೀದಿಯ ತಿರುವು ದಾಟಿದರೋ ಇಲ್ಲವೋ, ನಮ್ಮವರು ಬರತೊಡಗಿದರು. ನಂಜುಂಡಯ್ಯ ಸಂಘದ ಬಾವುಟ ತಂದಿದ್ದರು. ಕಮಿಟಿಯವರು, ಅವರ ಮನೆಯವರು, ಕೆಳಗಿನ ಮನೆಯವರು. ಬಾಲ್ಕನಿ ತುಂಬಿ, ಮೆಟ್ಟಿಲು ತುಂಬಿ, ಗೇಟಿನ ಮುಂದೆ ರಸ್ತೆಯಲ್ಲಿ ಗುಂಪು. ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಬರಬಾರದೆಂದು ಎಲ್ಲರೂ ಬಾಗಿಲಲ್ಲಿ ರಾಶಿ ಬಿಟ್ಟರು. ಶಾರದೆ ಅಜ್ಜಿಯ ಮಂಚದ ಹತ್ತಿರದಿಂದ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಗಲಾಟೆಗೆ ಅಜ್ಜಿಗೆ ಎಚ್ಚರವಾಯಿತು. ಬಾಲ್ಕನಿಯಲ್ಲಿ ಬೆನ್ನುಗಳು, ಬಾಗಿಲಲ್ಲಿ ತಲೆಗಳು. ಅವರು ಹೆದರಿ, "ಯಾರವ್ವ ಸತ್ತಿದ್ದು?" ಎಂದರು. "ನಾನೇನಾ?"

ಎಲ್ಲರೂ ನಕ್ಕೆವು. ಅಜ್ಜಿಗೆ ಎಷ್ಟು ತಮಾಷೆ ಎಂದು ಯಾರೋ ಹೇಳಿದರು. ಆ ಕೋಣೆಯಲ್ಲಿ ಸರಿಯಾಗಿ ಯೋಚಿಸುತ್ತಿದ್ದವರು ಅವರೊಬ್ಬರೇ ಎಂದು ಗೊತ್ತಾಗಲು ನಮಗೆ ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.

"ಬಂತು, ಬಂತು!" ರೈಲು ಬಂತು. ಬಿಸಿಲು ಗಾಜಿಗೆ ಹೊಡೆದು ಒಳಗಿನ ಒಂದು ಮುಖವೂ ಕಾಣಲಿಲ್ಲ. ಆದರೂ ನಾವು ಎಲ್ಲ ಕಿಟಕಿಗಳಿಗೂ ಕೈ ಬೀಸಿದೆವು. ನಂಜುಂಡಯ್ಯ ಬಾವುಟ ಆಡಿಸಿದರು. "ಮೂರನೇ ಬೋಗಿ! ನಾನ್ ನೋಡ್ದೆ ಕಣ್ರೀ, ಅವರೂ ಕೈ ಆಡಿಸಿದ್ರು!" ಎಂದು ಒಬ್ಬರು ಆಣೆ ಮಾಡಿ ಹೇಳಿದರು. ರೈಲು ಹೋಯಿತು. ಇನ್ನು ವಾಪಸ್ ಬರುವಾಗಲೂ ಬೀಸೋಣ ಎಂದು ಯಾರೂ ಕದಲಲಿಲ್ಲ. ಯಾರೋ ಕಾಫಿ ತರಿಸಲು ಹೊರಟರು.

ವಿಮಲಮ್ಮ ಮುಂದಿನ ಸ್ಟೇಷನ್ನಿನಲ್ಲೇ ಇಳಿದಿದ್ದರು.

ಆಟೋ ಬೀದಿಯ ತುದಿಗೆ ಬಂದು ನಿಂತಾಗ ಅದರಿಂದ ಇಳಿದವರು ಅವರೇ ಎಂದು ತಿಳಿಯಲು ನಮಗೆ ಹೊತ್ತು ಹಿಡಿಯಿತು. ಚಪ್ಪಲಿ ಕೈಯಲ್ಲಿತ್ತು. ಜಡೆ ಬಿಚ್ಚಿತ್ತು. ಗೇಟಿನ ಗುಂಪು ಮಾತು ನಿಲ್ಲಿಸಿ ಎರಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಸಾವಿನ ಮನೆಗೆ ಬಂದ ಹತ್ತಿರದವರಿಗೆ ಹೇಗೆ ಬಿಡುತ್ತಾರೋ, ಹಾಗೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡು ಅವರು ಗೋಡೆಗೆ ಕೈಯೂರಿದರು. ಆಗ ಕೆಳಗೆ ಯಾರೋ ಚಪ್ಪಾಳೆ ಶುರು ಮಾಡಿದರು. ಇನ್ನೂ ಕೆಲವರು ಸೇರಿಕೊಂಡರು. ಚಪ್ಪಾಳೆಯ ನಡುವೆ ಅವರು ಒಳಗೆ ಹೋಗಿ, ಅಜ್ಜಿಯ ಕಂಬಳಿಯ ಕೆಳಗೆ ಕೈ ತೂರಿಸಿ ಪಾದ ಮುಟ್ಟಿ ನೋಡಿದರು. ಬೆಚ್ಚಗಿತ್ತು.

"ಎಲ್ಲೋಗಿದ್ದೆ ವಿಮ್ಲ? ಇವ್ರೆಲ್ಲ ಯಾಕೆ ಬಂದವ್ರೆ?" ಎಂದರು ಅಜ್ಜಿ.

ಶಾರದೆ ಎಲ್ಲರನ್ನೂ ಹೊರಗೆ ಕಳಿಸಿದಳು. ಕಳಿಸಿದಳು ಎನ್ನುವುದು ಮರ್ಯಾದೆಯ ಮಾತು. ನನ್ನನ್ನೂ ಕಳಿಸುವುದರಲ್ಲಿದ್ದಳು, ಆದರೆ ನಾನು ವಿಮಲಮ್ಮನ ಮುಂದೆ ನಿಂತು, ಕೈ ಬೀಸಲು ಬಂದದ್ದು, ಸಂತೋಷಕ್ಕೆ ಬಂದದ್ದು ಎಂದು ಏನೇನೋ ಹೇಳುತ್ತಿದ್ದೆ. ಅವರು ನೆಲದ ಮೇಲೆ ಮಂಚಕ್ಕೆ ಒರಗಿ ಕೂತಿದ್ದರು.

"ಮನೆ ಮುಂದೆ ಅಷ್ಟು ಜನ ಸೇರಿದ್ರೆ ಏನ್ ಅರ್ಥ ಸಾರ್?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಬಾಗಿಲ ಗಾಜಿನ ಹತ್ರಾನೇ ನಿಂತಿದ್ದೆ, ನಮ್ಮನೆ ಕಾಣುತ್ತೆ ಅಂತ. ಕಾಣ್ತು. ಬಾಲ್ಕನಿ ತುಂಬಾ ಜನ."

"ತಪ್ಪಾಯ್ತು ವಿಮಲಮ್ಮ. ಗಾಬರಿಯಾಗಿರುತ್ತೆ ನಿಮಗೆ."

"ಗಾಬರಿ ಆಮೇಲೆ ಸಾರ್." ಅಜ್ಜಿಗೆ ಕೇಳದಂತೆ ದನಿ ತಗ್ಗಿಸಿದರು. "ಮೊದಲು ಅಬ್ಬಾ ಅನ್ನಿಸ್ತು. ಮುಗೀತು, ಅಬ್ಬಾ, ಅಂತ. ಅದಾದ ಮೇಲೇನೇ ಅಳು ಬಂದಿದ್ದು. ಹಿಂಗೆ ಅನ್ನಿಸುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ಗೊತ್ತಾಗೋದು ಬೇಡ ಆಗಿತ್ತು."

ಶಾರದೆ ಅವರ ಪಕ್ಕದಲ್ಲಿ ಕೂತು ಜಡೆ ಹೆಣೆಯತೊಡಗಿದಳು. ಪತ್ರ ಗೋಡೆಗೆ ಒರಗಿತ್ತು, ಗಾಜಿನ ಹಿಂದೆ, "ಆಸೆಗಳನ್ನು ತೊರೆದು" ಎಂದು. ನಾನು ಹೊರಡುವಾಗ ವಿಮಲಮ್ಮ ಶಾಲನ್ನು ತಂದು ನನ್ನ ಕೈಗಿಟ್ಟರು. "ಮುಂದಿನ ಸಲ ಯಾರಿಗಾದ್ರೂ ಆಗುತ್ತೆ ಸಾರ್. ಬಳಸಿಲ್ಲ."

ಅದನ್ನು ಸಂಘಕ್ಕೆ ಕೊಡಲು ನನಗೆ ಧೈರ್ಯ ಬರಲಿಲ್ಲ. ಮನೆಯಲ್ಲೇ ಉಳಿಯಿತು. ಮೇಜಿನ ಮೇಲಿರುವುದು ಅದೇ ಎಂದು ನಾನು ಹಟ ಹಿಡಿಯುವುದು ಇದಕ್ಕೇ ಇರಬೇಕು. ಪ್ರತಿ ಬೆಳಿಗ್ಗೆ ಅದರ ಮೇಲೆ ಕಾದ ಕಬ್ಬಿಣ ಎಳೆಯುವುದರಲ್ಲಿ ನನಗೇನೋ ಸಮಾಧಾನವಿದೆ. ಶಾರದೆಯ ಹಸಿರಂಚು ನಿಜವಾದರೆ ಆ ಸಮಾಧಾನವೂ ಸುಳ್ಳು.

ಅವಳು ಮತ್ತೆ ಎರಡು ಮೂರು ಸಲ, ಬಂದು ಕೂರುತ್ತೇನೆ, ಹೋಗಿಬನ್ನಿ ಎಂದು ಕರೆದಳು. ವಿಮಲಮ್ಮ ಒಪ್ಪಲಿಲ್ಲ. "ಬೇಡ ಶಾರದಕ್ಕ. ಹೊರಗೆ ಹೋದ್ರೆ ಏನೇನೋ ಅನ್ನಿಸುತ್ತೆ," ಎಂದರಂತೆ. ಅಲ್ಲಿಂದ ಮುಂದೆ ಅವರು ಅಜ್ಜಿಯನ್ನು ಇನ್ನೂ ಜಾಸ್ತಿ ನೋಡಿಕೊಂಡರು. ಮದುವೆಮನೆಗಳಿಗೂ ಬರುವುದು ನಿಂತಿತು. ನಾವು ಇನ್ನೂ ಜಾಸ್ತಿ ಮೆಚ್ಚಿದೆವು.

ಅಜ್ಜಿ ತೀರಿಕೊಂಡದ್ದು ಅದರ ಮುಂದಿನ ಬೇಸಿಗೆಯಲ್ಲೋ, ಅದಕ್ಕೂ ಮುಂದಿನದರಲ್ಲೋ. ರೈಲು ಅಷ್ಟು ಹೊತ್ತಿಗೆ ಆ ಕಡೆ ನಾಗಸಂದ್ರದವರೆಗೂ ಓಡುತ್ತಿತ್ತು. ಮತ್ತೆ ಅದೇ ಬಾಲ್ಕನಿ, ಅದೇ ಮೆಟ್ಟಿಲು, ಅದೇ ನಾವು, ಬಾಗಿಲಲ್ಲಿ ಅದೇ ಚಪ್ಪಲಿಗಳು. ವಿಮಲಮ್ಮ ಅತ್ತರು. ಅತ್ತದ್ದು ಸಾಲದು ಎಂದು ಕೆಲವರಿಗೆ ಅನ್ನಿಸಿತು.

ವೈಕುಂಠ ಸಮಾರಾಧನೆಯ ಮಾರನೆಯ ದಿನ ಅವರು ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತುವುದನ್ನು ಬೀದಿಯವರು ಯಾರೋ ನೋಡಿದರು. ಅದರ ಮಾರನೆಯ ದಿನವೂ. ಸಂಜೆ ಪಾರ್ಕಿನ ಬೆಂಚಿನಲ್ಲಿ ಅದೇ ಮಾತು.

"ತಿಥಿ ಊಟದ ಕೈ ಒಣಗಿಲ್ಲ, ಆಗ್ಲೇ ರೈಲಲ್ಲಿ ಸುತ್ತಾಟ ಶುರು," ಎಂದರು ಒಬ್ಬರು.

"ಅಷ್ಟು ವರ್ಷ ಮಾಡಿದ್ದೆಲ್ಲ ನಾಟಕ ಅನ್ನಿ," ಎಂದರು ಇನ್ನೊಬ್ಬರು.

ನಂಜುಂಡಯ್ಯ ನನ್ನ ಕಡೆ ತಿರುಗಿದರು. "ಮಗಳಂಥ ಸೊಸೆ ಅಂತೆಲ್ಲ ಬರೆದಿದ್ರಲ್ರೀ ನೀವು. ಸ್ವಲ್ಪ ಜಾಸ್ತಿನೇ ಆಯ್ತೇನೋ."

ಎಷ್ಟೊಂದು ಹೇಳಬಹುದಿತ್ತು. ನನಗೆ ಶಬ್ದಗಳಿಗೆ ಬರವಿತ್ತೇ? ಖಾಲಿ ಕುರ್ಚಿಯ ಮುಂದೆ ಅಷ್ಟೊಂದು ಓದಿದವನು, ಬೆಂಚಿನ ಮೇಲೆ ಕೂತು, "ಹೂಂ" ಎಂದೆ. ಅಷ್ಟೇ ಅಂದದ್ದು. ನನ್ನ ನೆನಪಿನಲ್ಲಿ ಎಲ್ಲವೂ ಬಣ್ಣ ಬದಲಿಸುತ್ತದೆ, ಆ ಹೂಂ ಒಂದನ್ನು ಬಿಟ್ಟು. ಅದನ್ನು ನಾನಲ್ಲ, ಅಣ್ಣ ಅಂದದ್ದು ಎಂದು ಹೇಳಲೂ ಬರುವುದಿಲ್ಲ.

ಅದಾದ ಒಂದು ವಾರಕ್ಕೋ ಏನೋ, ಮಲ್ಲೇಶ್ವರದಲ್ಲಿ ಕನ್ನಡಕ ಮಾಡಿಸಲು ಹೊರಟ ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ರೈಲಿನ ಬಾಗಿಲು ತೆರೆದಾಗ ಒಳಗಿನಿಂದ, "ಬನ್ನಿ ಸಾರ್, ಜಾಗ ಇದೆ," ಎಂದರು ವಿಮಲಮ್ಮ. ಜಾಗ ಬೇಕಾದಷ್ಟಿತ್ತು. ಆದರೂ ಅವರು ನಿಂತೇ ಇದ್ದರು, ಬಾಗಿಲ ಗಾಜಿನ ಹತ್ತಿರ. ಅದೇ ನೀಲಿ ಸೀರೆ ಎಂದು ಬರೆಯಲು ಕೈ ಹೋಗುತ್ತಿದೆ. ಬೇಡ, ನಾನು ನೋಡಲಿಲ್ಲ. ಅವರ ಸೀರೆ ನೋಡುವ ಮುಖ ನನಗಿರಲಿಲ್ಲ. ಬೀದಿಯಲ್ಲಿ ನಡೆಯುತ್ತಿರುವ ಮಾತು ಅವರಿಗೂ ತಲುಪಿರಬೇಕು, ನನ್ನ ಹೂಂ ಕೂಡ ತಲುಪಿರಬಹುದು.

"ದಿನಾ ಬರ್ತೀರಂತೆ," ಎಂದೆ. ಕೇಳಬಾರದಿತ್ತು.

"ಹೂಂ ಸಾರ್. ಆ ಕೊನೆಗೆ ಹೋಗ್ತೀನಿ, ಈ ಕೊನೆಗೆ ಬರ್ತೀನಿ. ಮನೇಲಿ ಎರಡು ಗಂಟೆಗೊಂದು ಸಲ ಎದ್ಬಿಡ್ತೀನಿ, ಏನೋ ಮರೆತಿದೀನಿ ಅನ್ನಿಸಿ. ಇಲ್ಲಾದ್ರೆ ಹಂಗನ್ನಿಸಲ್ಲ."

ನನ್ನ ಬಾಯಿಗೆ ಒಂದು ಒಳ್ಳೆಯ ವಾಕ್ಯ ಬಂತು. ನುಂಗಿದೆ. ರೈಲು ಹೊರಟಿತು. ಗೋಡೌನುಗಳ ತಗಡಿನ ಮಾಡುಗಳು, ಲಾರಿಗಳ ಸಾಲು, ನಮ್ಮ ಪಾರ್ಕಿನ ಮರಗಳ ತಲೆ. ಅವರು ಗಾಜಿಗೆ ಹಣೆ ಒತ್ತಿದರು. ಕಂಬಿ ಹಿಡಿದಿದ್ದ ಅವರ ಕೈ ಬಿಗಿಯಾದದ್ದು ಕಂಡಿತು. ಮೂರನೇ ಕ್ರಾಸಿನ ಕೊನೆಯ ಮನೆ ಬಂತು. ನೀರಿನ ಟ್ಯಾಂಕು, ಒಣಗಲು ಹಾಕಿದ ಒಂದು ಟವೆಲು, ಬಾಲ್ಕನಿ. ಎಲ್ಲ ಒಂದು ಗಳಿಗೆ ನಿಂತಂತಾಗಿ ಹಿಂದೆ ಸರಿಯಿತು.

ಅವರು ಹಿಡಿದಿದ್ದ ಉಸಿರು ಬಿಟ್ಟರು.

"ಸದ್ಯ," ಎಂದರು, ನನಗಲ್ಲ. "ಯಾರೂ ಇಲ್ಲ."